ಲಂಡನ್ನಿನ ಏಳು, ಕುಂದಗೋಳದ ಐವತ್ತೆಂಟು

"ಲಂಡನ್ನಿನ್ಯಾಗ ಇದಕ್ಕ ಏಳು ಕೊಡತಾರ ನೋಡು. ಹತ್ತಕ್ಕ ಏಳು," ಎನ್ನುತ್ತ ಮಡಿವಾಳೆಪ್ಪನವರು ಗಿರಣಿಯ ಹೊಸ್ತಿಲಾಚೆಯೇ ನಿಂತು ಫೋನನ್ನು ಒಳಗೆ ಚಾಚಿದರು.

ಅನ್ನಪೂರ್ಣಾ ಗುಂಡಿ ಒತ್ತಿ ಮೋಟಾರು ನಿಲ್ಲಿಸಿದಳು. ಕಬ್ಬಿಣದ ಒನಕೆಗಳು ಇನ್ನೂ ಎರಡು ಸಲ ಧಪ್ ಧಪ್ ಎಂದು, ಒಲ್ಲದ ಮನಸ್ಸಿನಿಂದ ಸುಮ್ಮನಾದವು.

"ಹತ್ತಕ್ಕ ಏಳು ಅಂದ್ರ ಫಸ್ಟ್ ಕ್ಲಾಸ್ ಆತಲ್ರಿ ಕಾಕಾ. ಫೇಡೆ ಎಲ್ಲಿ?"

"ನಗಬ್ಯಾಡ. ಅಲ್ಲಿ ಏಳು ಅಂದ್ರ ಫೇಲು. ಒಂದು ಬಂದ್ರ ಪಾಸು."

"ಅದೆಂಥಾ ಸಾಲಿ ಅದು?" ಎಂದು ಮೆಣಸಿನಕಾಯಿ ಕುಟ್ಟುವ ಗುಂಡಿಯ ಬಳಿಯಿಂದ ಮೈಲಾರವ್ವ ಕೇಳಿದಳು. ಅನ್ನಪೂರ್ಣಾಳ ಜೊತೆ ಮೊದಲ ದಿನದಿಂದ ದುಡಿದವಳು ಅವಳು. ಕಣ್ಣೆರಡು ಬಿಟ್ಟು ಮುಖವೆಲ್ಲ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾಳೆ, ಮಾತು ಮಾತ್ರ ಆ ಬಟ್ಟೆಯನ್ನು ತೂರಿಕೊಂಡೇ ಬರುತ್ತದೆ. "ಕಡಿಮಿ ತಗೊಂಡಾವ್ನ ಶಾಣ್ಯಾ ಅಂತಾರೇನು? ಹಂಗಾದ್ರ ನಮ್ಮ ಮೊಮ್ಮಗನ್ನ ಅಲ್ಲಿಗೇ ಹಾಕೂಣು."

ಗೋಡೆಗುಂಟ ಕೂತಿದ್ದ ಐದಾರು ಹೆಂಗಸರು ಸೆರಗಿನೊಳಗೇ ನಕ್ಕರು. ನಕ್ಕವರಲ್ಲಿ ಇಬ್ಬರು ಸೀನಿದರು.

ಕುಂದಗೋಳದ ಸ್ಟೇಶನ್ ಕಡೆಯ ಆ ಓಣಿಯಲ್ಲಿ ಅನ್ನಪೂರ್ಣಾಳ ಖಾರದ ಗಿರಣಿ ಹನ್ನೊಂದು ವರ್ಷದಿಂದ ನಡೆದಿದೆ. ಶಿವರಾತ್ರಿ ಹತ್ತಿರ ಬಂತೆಂದರೆ ವರ್ಷದ ಖಾರ ಕುಟ್ಟಿಸುವ ಕಾಲ. ಸುತ್ತಲ ಹಳ್ಳಿಯ ಹೆಂಗಸರು ಒಣಗಿಸಿದ ಬ್ಯಾಡಗಿ ಮೆಣಸಿನಕಾಯಿ, ಹುರಿದ ಕೊತ್ತಂಬರಿ, ಒಣಕೊಬ್ಬರಿ ಕಟ್ಟಿಕೊಂಡು ಬಸ್ಸಿಳಿದು ಬರುತ್ತಾರೆ. ಬಂದವರು ಬುಟ್ಟಿ ಇಟ್ಟು ಬಜಾರಕ್ಕೆ ಹೋಗುವ ಪೈಕಿ ಅಲ್ಲ. ತನ್ನ ಖಾರ ತನ್ನ ಕಣ್ಣೆದುರಿಗೇ ಕುಟ್ಟಿಸಬೇಕು. ಇನ್ನೊಬ್ಬರ ಮನೆಯ ಮೆಣಸಿನಕಾಯಿ ಒಂದು ಚಿಟಿಕೆ ಬೆರೆತರೂ ವರ್ಷವಿಡೀ ಸಾರಿಗೆ ಬೇರೆಯವರ ಮನೆಯ ರುಚಿ ಎಂಬುದು ಅವರ ನಂಬಿಕೆ, ಅದರಲ್ಲಿ ಸುಳ್ಳೂ ಇಲ್ಲ. ಹೀಗಾಗಿ ಸರದಿ ಬರುವತನಕ ಗಿರಣಿಯ ಒಳಗೇ ಕೂಡುತ್ತಾರೆ. ಸೀನುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಸೊಸೆಯರ ಸುದ್ದಿ ಹೇಳುತ್ತಾರೆ. ಆ ಕಣ್ಣೀರು ಖಾರದ್ದೋ ಸೊಸೆಯದೋ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ.

ಎದುರು ಮನೆಯೇ ಮಡಿವಾಳೆಪ್ಪನವರದು. ರೈಲ್ವೆಯಲ್ಲಿ ಸಿಗ್ನಲ್ಲು, ಪಾಯಿಂಟು ನೋಡಿಕೊಂಡು ಮೂವತ್ತಾರು ವರ್ಷ ಕಳೆದ ಮನುಷ್ಯ. ನಿವೃತ್ತರಾದರೂ ಗಾಡಿ ಎಷ್ಟು ನಿಮಿಷ ತಡ ಎಂದು ಈಗಲೂ ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ, ಯಾರಿಗೂ ಬೇಡದಿದ್ದರೂ. ಕಲಘಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ರೋಹಿಣಿ ಡಿಸೆಂಬರಿನಲ್ಲಿ ಒಂದು ಬಿಳಿ ಡಬ್ಬಿ ತಂದುಕೊಟ್ಟಳು. ತಾಯಿ ರೇವವ್ವನಿಗೆ ಕೆಮ್ಮು ಹತ್ತಿತ್ತಲ್ಲ, ಮನೆಯ ಗಾಳಿ ಹೇಗಿದೆ ನೋಡೋಣ ಎಂದು. ಕೈಯಗಲದ ಡಬ್ಬಿ, ಮುಂದೆ ಗಾಳಿಯ ಧೂಳಿನ ಅಂಕಿ ಬೆಳಗುತ್ತದೆ, ಅದೇ ಅಂಕಿ ಫೋನಿಗೂ ಬರುತ್ತದೆ. ಫೋನಿನಲ್ಲಿ ಇನ್ನೊಂದು ಕಿತಾಪತಿ: 'ದೇಶ ಆರಿಸಿ' ಎಂಬ ಪಟ್ಟಿ. ಯಾವ ದೇಶದ ಮೇಲೆ ಬೆರಳಿಟ್ಟರೆ ಆ ದೇಶದವರು ತಮ್ಮ ಶಹರದ ಗಾಳಿಗೆ ಹೇಗೆ ಅಂಕ ಕೊಟ್ಟು ಹೆಸರಿಡುತ್ತಾರೋ ಹಾಗೆ ನಿಮ್ಮ ಗಾಳಿಗೂ ಹೆಸರಿಡುತ್ತದೆ. ಮಡಿವಾಳೆಪ್ಪನವರಿಗೆ ಇನ್ನೇನು ಬೇಕು. ಗಾಡಿಯ ರಿಜಿಸ್ಟರಿನ ಬಾಜು ಗಾಳಿಯ ರಿಜಿಸ್ಟರು ಹುಟ್ಟಿತು.

"ನೀ ಹಿಂದಿನಿಂದ ಕೇಳಿ ನೊಂದ್ಕೋಬಾರ್ದು ಅಂತ ಮೊದಲು ನಿನಗ ತೋರಸ್ತೀನಿ," ಎಂದು ಅವರು ಈಗ ಕಿಸೆಯಿಂದ ಮಡಚಿದ ಕಾಗದ ತೆಗೆದರು.

ಅನ್ನಪೂರ್ಣಾ ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದು ಓದಿದಳು. ಪಟ್ಟಣ ಪಂಚಾಯ್ತಿಗೆ ಅರ್ಜಿ. ಅಕ್ಷರ ಮುತ್ತು ಪೋಣಿಸಿದಂತಿತ್ತು. 'ಸದರಿ ಗಿರಣಿಯ ಸಲುವಾಗಿ ನಮ್ಮ ಓಣಿಯ ಗಾಳಿಯು ಇಷ್ಟರಮಟ್ಟಿಗೆ' ಎಂದಾದ ಮೇಲೆ ಉದ್ದನೆಯ ಖಾಲಿ ಗೆರೆ, ಆಮೇಲೆ 'ಆಗಿರುತ್ತದೆ. ಆದಕಾರಣ ಸದರಿ ಗಿರಣಿಯನ್ನು ಊರ ಹೊರಗೆ ಸಾಗಿಸಲು ವಿನಂತಿ.'

ಅವಳ ನಗು ಅಲ್ಲೇ ನಿಂತಿತು. ಊರ ಹೊರಗೆಂದರೆ ಹೊಸ ರಸ್ತೆಯ ಬಾಜು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ಬಸ್ ಸ್ಟ್ಯಾಂಡಿನಿಂದ ಅಲ್ಲಿಯತನಕ ಬಿಸಿಲಲ್ಲಿ ನಡೆಯುವುದಿಲ್ಲ. ದಾರಿಯಲ್ಲೇ ಇನ್ನೆರಡು ಗಿರಣಿ ಇವೆ, ಅಲ್ಲೇ ಇಳಿಸುತ್ತಾಳೆ. ಗಿರಣಿ ಸಾಗಿಸುವುದೆಂದರೆ ಗಿರಣಿ ಮುಚ್ಚುವುದು. ಅದು ಮಡಿವಾಳೆಪ್ಪನವರಿಗೂ ಗೊತ್ತಿತ್ತು, ಅದಕ್ಕೇ ಅವರು ಅವಳ ಮುಖ ನೋಡದೆ ಫೋನು ನೋಡುತ್ತಿದ್ದರು.

"ಈ ಗೆರಿ ಯಾಕ ಖಾಲಿ ಬಿಟ್ಟೀರಿ?"

"ಅದ ತ್ರಾಸ ಆಗೇತಿ. ನಿನ್ನಿ ಇಡೀ ದಿನದ ಸರಾಸರಿ ಐವತ್ತೆಂಟು. ಅಂಕಿ ಒಂದ. ಮಾರ್ಕ್ಸು, ಹೆಸರು ಮಾತ್ರ ದೇಶಕ್ಕೊಂದೊಂದು." ರಿಜಿಸ್ಟರು ಬಗಲಲ್ಲೇ ಇತ್ತು, ಬಿಡಿಸಿದರು. "ಬ್ರಿಟನ್, ಏಳು, ಹೆಚ್ಚು. ಅಮೆರಿಕ, ನೂರಾ ಐವತ್ಮೂರು, ಅನಾರೋಗ್ಯಕರ. ಚೀನಾ, ಎಪ್ಪತ್ತೊಂಬತ್ತು, ಒಳ್ಳೇದು."

"ನಮ್ಮ ದೇಶ?"

ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡರು. "ತೊಂಬತ್ತೇಳು."

"ಹೆಸರು ಹೇಳ್ರಿ."

"ಸಮಾಧಾನಕರ."

"ಮುಗೀತಲ್ಲ. ಅದನ್ನ ಬರೀರಿ. 'ಓಣಿಯ ಗಾಳಿ ಸಮಾಧಾನಕರ ಐತಿ, ಆದಕಾರಣ ಗಿರಣಿ ಬಂದ್ ಮಾಡ್ರಿ.'"

ಒಳಗಿದ್ದವರು ಮತ್ತೆ ನಕ್ಕರು. ಹಿರೇಗುಂಜಳದಿಂದ ಬಂದಿದ್ದ ಗೌರಕ್ಕ, "ಹಂಗ ಬರದ್ರ ಪಂಚಾಯ್ತಿಯವರು ನಿಮಗ ಶಾಲು ಹೊದಸ್ತಾರ್ರಿ, ಮಡಿವಾಳೆಪ್ಪನೋರ," ಎಂದಳು.

"ಅದಕ್ಕ ನಾ ಲಂಡನ್ನಿಂದು ಬರೀತೀನಿ. ಹಳಿ ಹಾಕಿದವರು ಅವರ. ಅವರ ಅಳತಿ ತಪ್ಪಂಗಿಲ್ಲ."

"ಕುಂದಗೋಳದ ಗಾಳಿಗೆ ಲಂಡನ್ನಿನ ಮಾಪೇನ್ರಿ? ಮೂಗು ನಮ್ದಲ್ಲೇನು?"

"ಮೂಗು ಎಲ್ಲಾರ್ದೂ ಒಂದ ಐತಿ ತಂಗಿ," ಎಂದರು ಅವರು. ದನಿ ಮೆತ್ತಗಾಯಿತು. "ನಿಮ್ಮ ಕಾಕೂ ರಾತ್ರಿ ಎಲ್ಲಾ ಕೆಮ್ಮತಾಳ. ನಾ ಸುಮ್ನ ಹ್ಯಾಂಗ ಇರ್ಲಿ? ಸೋಮವಾರ ಕೊಡ್ತೀನಿ. ಅಷ್ಟ್ರಾಗ ರೋಹಿಣಿ ಬರ್ತಾಳ, ಯಾವ ದೇಶದ್ದು ಬರೀಬೇಕು ಅಂತ ಕೇಳತೀನಿ."

ಅವರು ಓಣಿ ದಾಟಿ ಹೋದ ಮೇಲೆ ಅನ್ನಪೂರ್ಣಾ ಮೋಟಾರು ಚಾಲು ಮಾಡಲಿಲ್ಲ. ಗೌರಕ್ಕ ತನ್ನ ಬುಟ್ಟಿ ಮುಂದೆ ಸರಿಸಿ, "ನನ್ನ ಖಾರ ಮುಗಿಸಿ ಚಿಂತಿ ಮಾಡವಾ," ಎಂದಳು.

"ಎಷ್ಟು ಖಾರ ಇರ್ಬೇಕು?"

"ಸಮಾ ಖಾರ."

ಇದನ್ನು ಅನ್ನಪೂರ್ಣಾ ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾಳೆ, ಎಲ್ಲರೂ ಇದೇ ಉತ್ತರ ಕೊಡುತ್ತಾರೆ. ಹಿರೇಗುಂಜಳದವರ ಸಮಾ ಖಾರಕ್ಕೆ ಧಾರವಾಡದವರು ನೀರಿನ ಕೊಡ ಹುಡುಕುತ್ತಾರೆ. ಕಲಘಟಗಿಯ ಬೀಗರ ಸಮಾ ಖಾರವನ್ನು ಗೌರಕ್ಕನ ಮನೆಯವರು ಕೂಸಿಗೆ ಉಣಿಸುವುದಕ್ಕೆ ಇಡುತ್ತಾರೆ. ಮೆಣಸಿನಕಾಯಿ ಒಂದೇ ಹೊಲದ್ದು. ಅವಳಿಗೆ ಆ ದೇಶಗಳ ಪಟ್ಟಿ ಆಗ ಅರ್ಥವಾಯಿತು. ಅರ್ಥವಾಯಿತೆಂದು ಸಮಾಧಾನವೇನೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳು ಹೊಸ ಖಾರದ ಒಂದು ಡಬ್ಬಿ ತುಂಬಿಕೊಂಡು ಎದುರು ಮನೆಗೆ ಹೋದಳು. ಗಂಡನಿಗೆ ಹೇಳಿ ಉಪಯೋಗವಿಲ್ಲ, ಹೆಂಡತಿಗೆ ಹೇಳೋಣ ಎಂಬ ಲೆಕ್ಕ. ಮಡಿವಾಳೆಪ್ಪನವರು ಎಂದಿನಂತೆ ಬೆಳಗಿನ ಪ್ಯಾಸೆಂಜರ್ ನೋಡಲು ಸ್ಟೇಶನ್ನಿಗೆ ಹೋಗಿದ್ದರು. ರೋಹಿಣಿ ಮೊದಲ ಬಸ್ಸಿಗೆ ಬಂದು ಚಹಾ ಕುಡಿಯುತ್ತ ಕೂತಿದ್ದಳು. ರೇವವ್ವ ಪೂಜೆಗೆ ನಿಂತಿದ್ದಳು.

"ಬಾ ಬಾ ಅನ್ನಪೂರ್ಣಾ, ಕೂಡು. ಮಂಗಳಾರತಿ ಮುಗಿಸಿ ಬಂದೆ," ಎಂದ ರೇವವ್ವ ಎರಡು ಊದಿನಕಡ್ಡಿ ಹಚ್ಚಿದಳು. ಒಂದನ್ನು ಜಗಲಿಯ ಮೇಲಿನ ಲಿಂಗದ ಮುಂದೆ ಸಿಕ್ಕಿಸಿದಳು. ಇನ್ನೊಂದನ್ನು ಅದರ ಬಾಜು ಇದ್ದ ಬಿಳಿ ಡಬ್ಬಿಯ ಮುಂದೆ ಸಿಕ್ಕಿಸಿದಳು.

ಅನ್ನಪೂರ್ಣಾ ಕತ್ತು ಮುಂದೆ ಮಾಡಿ ನೋಡಿದಳು. ಗಾಳಿ ಅಳೆಯುವ ಆ ಡಬ್ಬಿ ಹಣೆಗೆ ಮೂರು ಎಳೆ ವಿಭೂತಿ ಬಳಿದುಕೊಂಡು, ಮೇಲೊಂದು ದಾಸವಾಳ ಮುಡಿದು, ದೇವರ ಜೊತೆಗೇ ಕೂತಿತ್ತು. ಅಂಕಿ ನಲವತ್ತೊಂದು ಇದ್ದದ್ದು ನೋಡನೋಡುತ್ತ ತೊಂಬತ್ತಾರಾಯಿತು. ರೇವವ್ವ ಒಂದು ಚೂರು ಕರ್ಪೂರ ಹಚ್ಚಿ ಮೊದಲು ದೇವರಿಗೆ, ಆಮೇಲೆ ಡಬ್ಬಿಗೆ ಬೆಳಗಿದಳು. ನೂರಾ ಎಂಬತ್ತು. ಇನ್ನೂರಾ ಹತ್ತು.

"ರೋಹಿಣಿ," ಎಂದಳು ಅನ್ನಪೂರ್ಣಾ, ದನಿಯನ್ನು ಹಿಡಿತದಲ್ಲಿಟ್ಟುಕೊಂಡು. "ಇಲ್ಲಿ ಒಂಚೂರು ಬಾರವಾ."

ರೋಹಿಣಿ ಬಂದಳು, ನೋಡಿದಳು, ಚಹಾದ ಬಶಿಯನ್ನು ಕಿಟಕಿಯಲ್ಲಿಟ್ಟಳು.

"ಅವ್ವಾ. ಇದು ಎಂದಿನಿಂದ?"

"ಯಾವ್ದು?"

"ಡಬ್ಬಿಗೆ ಪೂಜಿ."

"ಬಂದ ದಿನದಿಂದ. ಮಷಿನ್ ಅಂದಮ್ಯಾಲ ಪೂಜಿ ಬ್ಯಾಡೇನು? ಅನ್ನಪೂರ್ಣಾನೂ ದಿನಾ ಗಿರಣಿಗೆ ಊದಿನಕಡ್ಡಿ ಹಚ್ಚೇ ಗುಂಡಿ ಒತ್ತತಾಳ. ಮುಂಜಾನೆ ಎರಡು, ಸಂಜೀಕೆ ಎರಡು. ಸೋಮವಾರ ಲೋಬಾನ."

"ಮತ್ತ ಜಗಲಿ ಮ್ಯಾಲ ಯಾಕ ಇಟ್ಟೀ? ನಾ ಕಿಟಕೀಗೆ ತೂಗು ಹಾಕಿದ್ದೆ."

"ಕಿಟಕೀಗೆ ಪ್ಲಗ್ಗು ಎಲ್ಲಿ ಐತಿ? ದೇವರ ದೀಪದ್ದೊಂದ ಐತಿ. ನಿಮ್ಮಪ್ಪನ ಅಂದ್ರು, ಕಿಟಕಿ ಬಾಜೂನ ಐತಿ ಬಿಡು, ಗಿರಣಿ ಗಾಳಿ ಅಲ್ಲೀಮಟ ಬರತೈತಿ ಅಂತ. ಅಲ್ಲಾ, ಈಗೇನಾತು? ಮಷಿನ್ ಕೆಟ್ಟೈತೇನು?"

ರೋಹಿಣಿ ತಲೆಗೆ ಕೈ ಹಚ್ಚಿಕೊಂಡು ನೆಲದ ಮೇಲೆ ಕೂತಳು. ಅನ್ನಪೂರ್ಣಾಳಿಗೆ ಇನ್ನು ತಡೆಯಲಾಗಲಿಲ್ಲ, ಅವಳೂ ಕೂತಳು, ಖಾರದ ಡಬ್ಬಿ ಮಡಿಲಲ್ಲಿ ಕುಣಿಯುವಷ್ಟು ನಕ್ಕಳು. ಏನೂ ತಿಳಿಯದ ರೇವವ್ವನೂ ಅವರಿಬ್ಬರ ಮುಖ ನೋಡಿ ನಗತೊಡಗಿ, ನಗುತ್ತಲೇ ಕೆಮ್ಮಿದಳು.

ಮಡಿವಾಳೆಪ್ಪನವರು ಬಂದಾಗ ಹೊರಗಿನ ಕಟ್ಟೆಯ ಮೇಲೆ ಡಬ್ಬಿ ತೂಗಾಡುತ್ತಿತ್ತು. ರೋಹಿಣಿ ವಿಭೂತಿ ಒರೆಸಿ, ಉದ್ದ ವಾಯರು ಎಳೆದು, ಚಾವಣಿಯ ತೊಲೆಗೆ ಕಟ್ಟಿದ್ದಳು. ಸಂಗತಿ ಕೇಳಿ ಅವರು ಬಹಳ ಹೊತ್ತು ರಿಜಿಸ್ಟರಿನ ಹಾಳೆ ತಿರುವಿದರು.

"ಎಪ್ಪತ್ತು ದಿನದ ಲೆಕ್ಕ," ಎಂದರು. "ಎಪ್ಪತ್ತೂ ದಿನ ನಾ ಊದಿನಕಡ್ಡಿ ಅಳದೀನಿ."

"ಅಪ್ಪಾ, ನಾಳೆ ಇಷ್ಟೊತ್ತಿನತನ ಕಾಯಿ. ಪಟ್ಟಿಯೊಳಗಿನ ಹೆಸರು ಇಡೀ ದಿನದ ಸರಾಸರಿಗೆ, ಒಂದ್ ಗಳಿಗಿಗಲ್ಲ."

"ಅದು ಇರ್ಲಿ. ಯಾವ ದೇಶದ್ದು ಖರೆ? ಅದನ್ನ ಹೇಳು."

ಅನ್ನಪೂರ್ಣಾಳೂ ಕಿವಿ ನೆಟ್ಟಗೆ ಮಾಡಿದಳು.

"ಎಲ್ಲಾರೂ ಒಂದೇ ಧೂಳು ಅಳೀತಾರ," ಎಂದಳು ರೋಹಿಣಿ, ಸಾಲಿಯ ಹುಡುಗರಿಗೆ ಹೇಳುವ ಹಾಗೆ. "ಕೂದಲೆಳಿಗಿಂತ ಇಪ್ಪತ್ತು ಮೂವತ್ತು ಪಟ್ಟು ಸಣ್ಣದು, ಪುಪ್ಪುಸದ ತಳಕ್ಕ ಹೋಗಿ ಕೂಡುವಂಥದ್ದು. ಗೆರಿ ಎಲ್ಲಿ ಎಳೀಬೇಕು ಅನ್ನೋದ್ರಾಗ ಫರಕು. ದಿನಕ್ಕ ಹದಿನೈದು ದಾಟಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ. ಅಮೆರಿಕದವರು ಮೂವತ್ತೈದು ಅಂತಾರ, ನಾವು ಅರವತ್ತು, ಚೀನಾದವರು ಎಪ್ಪತ್ತೈದು. ಯಾರ ಊರಾಗ ಎಷ್ಟು ಧೂಳು ಐತಿ, ಎಷ್ಟು ಇಳಿಸಲಿಕ್ಕ ಆದೀತು, ಅದನ್ನ ನೋಡಿ ಗೆರಿ ಎಳದಾರ."

"ಸಮಾ ಖಾರ ಇದ್ದಂಗ," ಎಂದಳು ಅನ್ನಪೂರ್ಣಾ.

ರೋಹಿಣಿ ಅವಳತ್ತ ತಿರುಗಿ, "ಅಗದಿ ಹಂಗ," ಎಂದಳು. "ಆದ್ರ ಅಕ್ಕಾ, ನಾಲಿಗಿಗೆ ರೂಢಿ ಆಗತೈತಿ. ಪುಪ್ಪುಸಕ್ಕ ಆಗಂಗಿಲ್ಲ."

ಆ ಮಾತು ಅನ್ನಪೂರ್ಣಾಳಿಗೆ ಆಗ ಅಷ್ಟಾಗಿ ತಟ್ಟಲಿಲ್ಲ. ಅವಳ ಕಣ್ಣು ತೊಲೆಗೆ ಕಟ್ಟಿದ ಅಂಕಿಯ ಮೇಲಿತ್ತು.

ಸೋಮವಾರ ಹತ್ತಕ್ಕೆ ಲೆಕ್ಕ ಬಂತು. ಗಿರಣಿ ಇಡೀ ಭಾನುವಾರ ಕುಟ್ಟಿದ್ದರೂ ಸರಾಸರಿ ಮೂವತ್ನಾಲ್ಕು. ಮಡಿವಾಳೆಪ್ಪನವರು ನೇರ ಗಿರಣಿಯ ಹೊಸ್ತಿಲಿಗೆ ಬಂದು, ಗಾಡಿ ತಪ್ಪಿಸಿಕೊಂಡವರ ಮುಖ ಮಾಡಿ ನಿಂತು ಓದಿದರು: "ಬ್ರಿಟನ್, ಮೂರು, ಕಡಿಮಿ. ಅಮೆರಿಕ, ಮಧ್ಯಮ. ಚೀನಾ, ಅತ್ಯುತ್ತಮ ಅಂತ. ನಮ್ಮದು ಮತ್ತ ಸಮಾಧಾನಕರ. ಹದಿನೈದಕ್ಕ ಹೋಲಿಸಿದ್ರ ಎರಡು ಪಟ್ಟಿನ ಮ್ಯಾಲೇ ಆತು, ಅದು ಬೇರೆ. ಆದ್ರ ಇದನ್ನ ಬರದು ಅರ್ಜಿ ಕೊಡಲಿಕ್ಕೆ ಬರಂಗಿಲ್ಲ."

"ಚೀನಾದವರು ಭಾಳ ಒಳ್ಳೇ ಮಂದಿ," ಎಂದಳು ಗಿರಾಕಿಯೊಬ್ಬಳು.

"ಅರ್ಜಿ ಹರದ ಒಗೀರಿ ಮತ್ತ," ಎಂದಳು ಅನ್ನಪೂರ್ಣಾ. ಎದೆಯ ಮೇಲಿನ ಒನಕೆ ಇಳಿದಂತಾಗಿತ್ತು.

"ಕಾಗದ ಛಲೋ ಐತಿ, ಇರ್ಲಿ," ಎಂದು ಅವರು ಅದನ್ನು ಮಡಚಿ ಕಿಸೆಯಲ್ಲೇ ಇಟ್ಟುಕೊಂಡರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅನ್ನಪೂರ್ಣಾ ಮುಗಿಸಿಯೂ ಬಿಟ್ಟಿದ್ದಳು. ಆ ದಿನ ಗಿರಾಕಿಗಳಿಗೆಲ್ಲ ಊದಿನಕಡ್ಡಿಯ ಕಥೆ ಹೇಳಿ, ಪ್ರತಿ ಸಲ ಇನ್ನೂರಾ ಹತ್ತನ್ನು ಹತ್ತಿಪ್ಪತ್ತು ಏರಿಸಿ, ಸಂಜೆ ಹೊತ್ತಿಗೆ ಮುನ್ನೂರಕ್ಕೆ ಮುಟ್ಟಿಸಿದ್ದಳು. ಮರುದಿನ ಮುಂಜಾನೆ ಮೈಲಾರವ್ವ ಕುಟ್ಟುವ ಗುಂಡಿಯೊಳಗೆ ಬಗ್ಗಿ ಸಲಿಕೆಯಿಂದ ಖಾರ ಮಗುಚುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು:

"ಹೊರಗಿನ ಗಾಳಿಗೆ ನಾಕು ದೇಶದವರು ಮಾರ್ಕ್ಸ್ ಕೊಟ್ರು. ನಾ ನಿಂತ ಗಾಳಿಗೆ ಒಬ್ಬಾಂವನೂ ಕೊಡಲಿಲ್ಲ."

"ನಿನಗ ಮಾರ್ಕ್ಸ್ ತಗೊಂಡು ಏನ್ ಮಾಡೂದೈತಿ?"

"ಏನಿಲ್ಲ. ಹನ್ನೊಂದು ವರ್ಷ ಪರೀಕ್ಷಾ ಬರದೀನಿ. ರಿಸಲ್ಟ್ ನೋಡೂಣು ಅಂತ."

ಅನ್ನಪೂರ್ಣಾ ಜರಡಿ ಹಿಡಿದ ಕೈ ಹಾಗೇ ನಿಲ್ಲಿಸಿದಳು. ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಗೆದ್ದ ಮೇಲೆ ಮತ್ತೆ ಪಗಡೆ ಹಾಸುವವರು ಯಾರು? ಅರ್ಜಿಯ ಕಾಗದ ಇನ್ನೂ ಆ ಮನುಷ್ಯನ ಕಿಸೆಯಲ್ಲಿತ್ತು, ಖಾಲಿ ಗೆರೆಯೂ ಖಾಲಿಯಾಗಿಯೇ ಇತ್ತು. ಆದರೆ ಮೈಲಾರವ್ವ ಸಲಿಕೆ ಎಳೆಯುವಾಗ ನಾಲ್ಕು ಸಲಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದುದು ಅವಳಿಗೆ ಕಂಡಿತು. ಮೊದಲು ಹತ್ತು ಸಲಕ್ಕೊಮ್ಮೆ ನಿಲ್ಲುತ್ತಿದ್ದಳು. ಅದು ಯಾವಾಗ ನಾಲ್ಕಕ್ಕೆ ಇಳಿಯಿತೋ ಅನ್ನಪೂರ್ಣಾ ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ಅವಳು ಜರಡಿ ಇಟ್ಟು ಓಣಿ ದಾಟಿದಳು.

"ಕಾಕಾ, ಆ ಡಬ್ಬಿ ಒಂದ್ ತಾಸು ಕೊಡ್ರಿ."

"ಯಾಕ?"

"ಒಳಗ ತೂಗು ಹಾಕತೀನಿ."

ಮಡಿವಾಳೆಪ್ಪನವರು ಅವಳನ್ನೇ ನೋಡಿದರು. ಆಮೇಲೆ ತೊಲೆಯಿಂದ ಡಬ್ಬಿ ಬಿಚ್ಚಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಗಿರಣಿಯ ಹೊಸ್ತಿಲು ದಾಟಿ ಒಳಬಂದರು, ಬಂದವರೇ ಮೂರು ಸಲ ಸೀನಿದರು. ಡಬ್ಬಿಯನ್ನು ಮೈಲಾರವ್ವನ ತಲೆಯ ಎತ್ತರಕ್ಕೆ ಒಂದು ಮೊಳೆಗೆ ನೇತು ಹಾಕಿದರು. ಅನ್ನಪೂರ್ಣಾ ಗುಂಡಿ ಒತ್ತಿದಳು.

ಒನಕೆಗಳು ಕುಣಿದವು. ಅಂಕಿ ನೂರು ದಾಟಿತು, ಇನ್ನೂರು ದಾಟಿತು. ಗೋಡೆಗುಂಟ ಕೂತ ಹೆಂಗಸರು ಮಾತು ಬಿಟ್ಟು ಅದನ್ನೇ ನೋಡತೊಡಗಿದರು. ಅರ್ಧ ತಾಸು ಅದು ಮುನ್ನೂರೈವತ್ತರ ಕೆಳಗಿಳಿಯಲಿಲ್ಲ, ಕೊನೆಗೆ ನಾಲ್ಕುನೂರಾ ಹನ್ನೆರಡಕ್ಕೆ ನಿಂತಿತು.

ಅವಳು ಮೋಟಾರು ನಿಲ್ಲಿಸಿದಳು. "ಓದ್ರಿ ಕಾಕಾ. ದೇಶಾ ಓದ್ರಿ."

ಅವರು ಫೋನಿನ ಮೇಲೆ ಬೆರಳಿಟ್ಟರು. "ಬ್ರಿಟನ್, ಹತ್ತು. ಅದರ ಮ್ಯಾಲ ಅವರ ಕಡೆ ಅಂಕೀನ ಇಲ್ಲ." ಇನ್ನೊಂದು ಸಲ ಒತ್ತಿದರು. "ಅಮೆರಿಕ, ಅಪಾಯಕರ." ಮತ್ತೊಂದು. "ನಮ್ಮದು, ತೀವ್ರ."

"ಚೀನಾ?" ಎಂದಳು ಹಿಂದಿನ ದಿನ ಚೀನಾದವರನ್ನು ಹೊಗಳಿ, ಸರದಿ ಸಿಗದೆ ಇಂದು ಮತ್ತೆ ಬಂದಿದ್ದ ಗಿರಾಕಿ, ಆಸೆಯಿಂದ.

"ತೀವ್ರ."

"ಯಾರೂ ಜಗಳಾ ಆಡವಲ್ರಲ್ಲ," ಎಂದಳು ಮೈಲಾರವ್ವ. "ಎಲ್ಲಾರೂ ಒಂದ ಮಾತು ಹೇಳತಾರ."

ಸ್ಟೇಶನ್ನಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ಕೂಗಿತು, ಮಡಿವಾಳೆಪ್ಪನವರು ಗಡಿಯಾರ ನೋಡಿಕೊಳ್ಳಲಿಲ್ಲ.

"ಇದು ಅರ್ಧಾ ತಾಸಿಂದು," ಎಂದರು ಅವರು, ಅವಳ ಪರವಾಗಿ ತಾವೇ ವಾದಿಸುವವರಂತೆ. "ಇಡೀ ದಿನದ ಸರಾಸರಿ ತಗದ್ರ ಇಷ್ಟ ಬರಂಗಿಲ್ಲ."

"ಅಕಿ ಇಡೀ ದಿನಾ ಇಲ್ಲೇ ನಿಂದ್ರತಾಳ್ರಿ," ಎಂದಳು ಅನ್ನಪೂರ್ಣಾ.

ಅವರು ಕಿಸೆಗೆ ಕೈ ಹಾಕಿದರು. ಆ ಮಡಚಿದ ಕಾಗದ ತೆಗೆದರು, ಆಮೇಲೆ ಪೆನ್ನು ತೆಗೆದರು. ಅನ್ನಪೂರ್ಣಾ ಕುಟ್ಟುವ ಯಂತ್ರದ ಕಂಬ ಹಿಡಿದು ನಿಂತಳು. ಈಗ ಆ ಗೆರೆಯ ಮೇಲೆ ಯಾವ ದೇಶದ ಹೆಸರು ಬರೆದರೂ ನಡೆಯುತ್ತಿತ್ತು. ಬರೆಯಬೇಡಿ ಎನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಮಡಿವಾಳೆಪ್ಪನವರು ಕಾಗದವನ್ನು ಖಾರದ ಡಬ್ಬದ ಮೇಲೆ ಹರವಿ, ಅದರ ಹಿಂಬದಿ ಮೇಲೆ ಬರುವಂತೆ ಮಗುಚಿದರು. ಬರೆಯದ ಬದಿಯಲ್ಲಿ ಒಂದು ಚೌಕ ಎಳೆದರು.

"ಇದು ನಿನ್ನ ಕುಟ್ಟೂ ಗುಂಡಿ," ಎಂದರು. "ಇದರ ಮ್ಯಾಲ ತಗಡಿನ ಟೊಪ್ಪಿಗಿ. ತಗಡಿನ ಕೆಲಸದ ಇಸ್ಮಾಯಿಲಸಾಬಗ ಹೇಳಿದ್ರ ಎರಡ ದಿನದಾಗ ಬಡದು ಕೊಡತಾನ. ಟೊಪ್ಪಿಗಿಯಿಂದ ಕೊಳವಿ, ಕೊಳವ್ಯಾಗ ಗಾಳಿ ಎಳಿಯೂ ಪಂಖಾ, ಪಂಖಾದ ತುದೀಗೆ ಬಟ್ಟೀ ಚೀಲ. ಗಾಳಿ ಸೋಸಿ ಹೊರಗ ಬರತೈತಿ, ಧೂಳು ಚೀಲದಾಗ ಕೂಡತೈತಿ. ಹುಬ್ಬಳ್ಳಿ ವರ್ಕ್‌ಶಾಪಿನ್ಯಾಗ ನೋಡೀನಿ ನಾ ಇಂಥಾದ್ದು."

ಅನ್ನಪೂರ್ಣಾ ಕಂಬ ಬಿಟ್ಟು ಹತ್ತಿರ ಬಂದಳು. "ಎಂಥಾ ಬಟ್ಟಿ?"

"ದಪ್ಪಂದು. ಒತ್ತಾಗಿ ನೇಯ್ದದ್ದು. ನನ್ನ ಹಳೇ ಧೋತರ ಎರಡು ಅದಾವ, ಗಟ್ಟಿ."

"ಕಾಕೂ ಬೈತಾಳ್ರಿ."

"ಅಕಿ ಎಪ್ಪತ್ತ ದಿನ ನನ್ನ ಲೆಕ್ಕಾ ಕೆಡಿಸ್ಯಾಳ. ಎರಡ ಧೋತರಾ ಹೋದ್ರ ಏನಾತು?"

"ಅದೆಲ್ಲಾ ಖರೆ," ಎಂದು ಗೋಡೆಯ ಕಡೆಯಿಂದ ಒಬ್ಬಳು ತಕರಾರು ತೆಗೆದಳು. "ನಮ್ಮನ್ನ ಹೊರಗ ಕೂಡಸ್ತೀರೇನು? ನನ್ನ ಖಾರ ನಾ ನೋಡಬೇಕು. ಮೊದಲ ಹೇಳೀನಿ."

ಅದು ದೊಡ್ಡ ಪ್ರಶ್ನೆಯಾಯಿತು. ಪಂಖಾ, ಚೀಲ, ಕೊಳವೆ ಎಲ್ಲಕ್ಕೂ ಒಪ್ಪಿದ ಹೆಂಗಸರು ಕಣ್ಣು ತಪ್ಪಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. ಕೊನೆಗೆ ಅನ್ನಪೂರ್ಣಾಳೇ ಓಣಿಗೆ ಇಳಿದು, ಮಡಿವಾಳೆಪ್ಪನವರ ಕಟ್ಟೆಯ ಮೇಲೆ ಕೂತು ನೋಡಿದಳು. ಗಿರಣಿಯ ಮುಂದಿನ ಗೋಡೆಗೆ ಒಂದು ಅಗಲವಾದ ಗಾಜು ಕೂಡಿಸಿದರೆ ಅಲ್ಲಿಂದ ಕುಟ್ಟುವ ಗುಂಡಿ ನೇರ ಕಾಣುವಂತಿತ್ತು.

"ಅಂದ್ರ ನಿಮ್ಮ ಗಿರಾಕಿ ಎಲ್ಲಾ ನನ್ನ ಕಟ್ಟೀ ಮ್ಯಾಲ?" ಎಂದರು ಮಡಿವಾಳೆಪ್ಪನವರು.

"ಬರ್ಲಿ ಬಿಡ್ರಿ," ಎಂದು ಒಳಗಿಂದ ರೇವವ್ವನ ದನಿ ಬಂತು. "ಎರಡೂವರಿ ತಿಂಗಳಾತು, ಈ ಮನ್ಯಾಗ ಅಂಕಿ ಬಿಟ್ರ ಬ್ಯಾರೆ ಮಾತ ಇಲ್ಲ."

ಇಸ್ಮಾಯಿಲಸಾಬ ಎರಡು ದಿನ ಎಂದದ್ದು ಆರು ದಿನವಾಯಿತು. ಅಷ್ಟು ದಿನ ಗಿರಣಿ ನಿಂತಿತು. ಗಿರಾಕಿಗಳು ಬಂದು ಗೊಣಗಿ ಬುಟ್ಟಿ ಹೊತ್ತು ವಾಪಸು ಹೋದರು, ಕೆಲವರು ಹೋಗದೆ ರೇವವ್ವನ ಹತ್ತಿರ ಚಹಾ ಕುಡಿದು ಹೋದರು. ರೇವವ್ವನ ಊದಿನಕಡ್ಡಿ ಹಿತ್ತಿಲ ತುಳಸಿಕಟ್ಟೆಗೆ ವರ್ಗವಾಗಿತ್ತು. ಕೆಮ್ಮು ಅರ್ಧ ಇಳಿದಿತ್ತು. ಶುಂಠಿ ಕಷಾಯದಿಂದ ಇಳಿಯಿತು ಎಂದು ಅವಳು, ಯಾರು ಕೇಳಿದರೂ.

ಏಳನೆಯ ದಿನ ಗೌರಕ್ಕ ತಂಗಿಯ ಮನೆಯ ಮೆಣಸಿನಕಾಯಿ ತಂದಿದ್ದಳು. ಕಟ್ಟೆಯ ಮೇಲೆ ಕೂತು, ಗಾಜಿನೊಳಗೆ ಕಣ್ಣು ನೆಟ್ಟು, "ಹಾಂ, ನನ್ನದ. ಕಾಣತೈತಿ," ಎಂದು ಅಪ್ಪಣೆ ಕೊಟ್ಟಳು. ಅನ್ನಪೂರ್ಣಾ ಗುಂಡಿ ಒತ್ತಿದಳು. ಒನಕೆ ಕುಣಿದವು, ಪಂಖಾ ಗುಂಯ್ಗುಟ್ಟಿತು, ಕೊಳವೆಯ ತುದಿಯ ಧೋತರದ ಚೀಲ ಸಾವಕಾಶ ಉಬ್ಬಿ, ಹಸಿರು ಅಂಚು ತೋರಿಸುತ್ತ, ಮದುವೆ ಊಟ ಮುಗಿಸಿದ ಬೀಗನ ಹೊಟ್ಟೆಯಂತೆ ತೂಗಿತು.

ಒಂದು ತಾಸಿನ ಮೇಲೆ ಮಡಿವಾಳೆಪ್ಪನವರು ಮೊಳೆಯ ಮೇಲಿನ ಡಬ್ಬಿ ನೋಡಿ, ಫೋನು ಒತ್ತಿದರು. "ಅರವತ್ನಾಲ್ಕು. ಬ್ರಿಟನ್, ಎಂಟು, ಹೆಚ್ಚು. ಅಮೆರಿಕ, ಅನಾರೋಗ್ಯಕರ. ನಮ್ಮದು, ಮಧ್ಯಮ. ಚೀನಾ, ಒಳ್ಳೇದು." ತಲೆ ಎತ್ತಿದರು. "ಮತ್ತ ಸುರು ಆತು ನೋಡು ಇವರ ಜಗಳಾ."

"ಆಡ್ಲಿ ಬಿಡ್ರಿ ಕಾಕಾ," ಎಂದಳು ಅನ್ನಪೂರ್ಣಾ. "ಜಗಳಾ ಆಡೂವಷ್ಟರ ಛಲೋ ಆತಲ್ಲ ನಮ್ಮ ಗಾಳಿ."

"ಹದಿನೈದು ಇನ್ನೂ ಭಾಳ ದೂರ ಐತಿ."

"ಧೋತರಾ ಇನ್ನೂ ಎಷ್ಟು ಅದಾವ?"

ಗುಂಡಿಯ ಬಳಿ ಮೈಲಾರವ್ವ ಸಲಿಕೆಯನ್ನು ಗೋಡೆಗೆ ಒರಗಿಸಿದಳು. ಕಿವಿಯ ಹಿಂದಿನ ಗಂಟು ಬಿಚ್ಚಿ, ಮೂಗಿಗೆ ಕಟ್ಟಿದ್ದ ಸೆರಗನ್ನು ಬೆಳಕಿಗೆ ಹಿಡಿದು ಒಳಮಗ್ಗಲು ನೋಡಿದಳು, ಎಂದಿನ ಖಾರದ ಕೆಂಪು ಇರಲಿಲ್ಲ. ಒಂದು ಸಲ ಜಾಡಿಸಿ, ಅದನ್ನು ಮತ್ತೆ ಮುಖಕ್ಕೆ ಕಟ್ಟದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಬುಟ್ಟಿ ಎತ್ತಿ ಸುರಿದಳು.